ಊರು ಬಿಟ್ಟವರ ಹೆಸರು: ಸೂಡಿ ಎಂಬ ಅಡ್ಡಹೆಸರೂ ಇಂಗ್ಲಿಷ್ ದಫ್ತರಗಳೂ

ಉತ್ತರ ಕರ್ನಾಟಕದ ಕ್ರೈಸ್ತ ಮನೆತನಗಳಲ್ಲಿ ತಮ್ಮ ಅಡ್ಡಹೆಸರಿನ ಮೂಲವನ್ನು ಅರಿಯಬೇಕೆಂಬ ಬಯಕೆ ಹೊಸದಲ್ಲ. ಮೊದಲು ದೀಕ್ಷಾಸ್ನಾನ ಹೊಂದಿದ ಹಿರಿಯರು ಯಾರು, ಅವರು ಯಾವ ಊರಿನವರು, ಈ ಹೆಸರು ಅವರಿಗೆ ಹೇಗೆ ಬಂತು ಎಂದು ಕೇಳುತ್ತ ಹೋದವರು ಕೊನೆಗೆ ಬ್ರಿಟಿಷ್ ಆಳ್ವಿಕೆಯ ಕಾಲದ ಇಂಗ್ಲಿಷ್ ದಫ್ತರಗಳ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ದಫ್ತರಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಒಂದೇ ಊರಿನ ಹೆಸರನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಊರು ಗದಗ ಜಿಲ್ಲೆಯ ಸೂಡಿ.

ಈ ಪರಿಶೀಲನೆ ವಂಶಾವಳಿಯ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ನಾಡಿನಲ್ಲಿ ಅಡ್ಡಹೆಸರನ್ನು ಹುಡುಕಲು ಹೊರಟವರು ತಮಗೆ ತಿಳಿಯದಂತೆಯೇ ಜಾತಿಯನ್ನು ಹುಡುಕುವವರಾಗಬಹುದು. ಕ್ರಿಸ್ತನಲ್ಲಿ ಒಂದೇ ದೇಹವೆಂದು ಒಪ್ಪಿಕೊಂಡಿರುವ ಸಭೆ ಈ ಕೆಲಸವನ್ನು ಯಾವ ಮನಸ್ಸಿನಿಂದ ಕೈಗೊಳ್ಳಬೇಕು ಎಂಬುದು ದೇವಶಾಸ್ತ್ರದ ಪ್ರಶ್ನೆಯೂ ಆಗಿದೆ.

ಅಡ್ಡಹೆಸರು ಯಾರಿಗೆ ಅಂಟುತ್ತದೆ

ಧಾರವಾಡ, ಗದಗ ಸೀಮೆಯ ಅಡ್ಡಹೆಸರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ದೇಸಾಯಿ, ಕುಲಕರ್ಣಿ, ಪಾಟೀಲ ಎಂಬವು ಅಧಿಕಾರದಿಂದ ಬಂದವು. ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ, ಅಂಗಡಿ ಎಂಬವು ಕಸುಬಿನಿಂದ ಬಂದವು. ಮೂರನೆಯ ಬಗೆ ಊರಿನಿಂದ ಬಂದದ್ದು. ಸೂಡಿ, ನರೇಗಲ್ಲ, ಅಬ್ಬಿಗೇರಿ, ಉತ್ತಂಗಿ ಮೊದಲಾದ ಹೆಸರುಗಳು ಈ ಬಗೆಗೆ ಸೇರಿವೆ.

ಊರಿನ ಹೆಸರನ್ನು ಹೊತ್ತ ಮನೆತನದ ಮೂಲವನ್ನು ಹುಡುಕುವವರು ಮೊದಲು ಆ ಊರಿಗೇ ಹೋಗುವುದು ಸಹಜ. ಆದರೆ ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಸೂಡಿಯಲ್ಲೇ ಬಾಳುವ ಒಬ್ಬನನ್ನು ಅವನ ನೆರೆಯವರು ಸೂಡಿಯವನೆಂದು ಕರೆಯಲಾರರು, ಏಕೆಂದರೆ ಅಲ್ಲಿ ಎಲ್ಲರೂ ಸೂಡಿಯವರೇ. ಅಲ್ಲಿ ಅವನು ಬಡಿಗೇರನೋ ಕಮ್ಮಾರನೋ ಹೊಸಮನಿಯವನೋ ಆಗಿರುತ್ತಾನೆ. ಅವನು ಬೆಟಗೇರಿಗೋ ಹುಬ್ಬಳ್ಳಿಗೋ ಹೋಗಿ ನೆಲೆಸಿದಾಗ ಅಲ್ಲಿಯವರು ಅವನನ್ನು ಸೂಡಿಯವನೆನ್ನುತ್ತಾರೆ, ಅವನ ಮಕ್ಕಳ ಕಾಲಕ್ಕೆ ಅದು ಮನೆತನದ ಹೆಸರಾಗಿ ನಿಲ್ಲುತ್ತದೆ. ಆದುದರಿಂದ ಊರಿನ ಹೆಸರಿನ ಅಡ್ಡಹೆಸರು ಒಂದು ಕುಟುಂಬ ಬಿಟ್ಟುಬಂದ ಊರನ್ನು ಸೂಚಿಸುತ್ತದೆ. ಸೂಡಿಯ ಹಳೆಯ ಲೆಕ್ಕಪತ್ರಗಳಲ್ಲಿ ‘ಸೂಡಿ’ ಎಂಬ ಅಡ್ಡಹೆಸರು ಸಿಕ್ಕದಿದ್ದರೆ ಆ ಕುಟುಂಬ ಅಲ್ಲಿರಲಿಲ್ಲವೆಂದು ತೀರ್ಮಾನಿಸಲಾಗದು. ಹುಡುಕಾಟವು ಆ ಕುಟುಂಬ ಬಂದು ಸೇರಿದ ಊರಿನಿಂದ ಆರಂಭವಾಗಿ ಬಿಟ್ಟ ಊರಿನ ಕಡೆಗೆ ಸಾಗಬೇಕು.

ಊರಿನ ಹೆಸರಿಗೂ ಚರಿತ್ರೆಯುಂಟು

ಸೂಡಿ ಚಾಲುಕ್ಯರ ಕಾಲದ ಪ್ರಸಿದ್ಧ ಪಟ್ಟಣ. ಜೋಡು ಶಿಖರದ ಗುಡಿ, ಮಲ್ಲಿಕಾರ್ಜುನ ದೇವಾಲಯ, ಕೆತ್ತನೆಯ ನಾಗಕುಂಡ ಇಂದಿಗೂ ಆ ವೈಭವಕ್ಕೆ ಸಾಕ್ಷಿಯಾಗಿವೆ. ಅಲ್ಲಿ ಟಂಕಸಾಲೆಯೂ ಇದ್ದಿತು. ಕಿಸುಕಾಡು 70 ನಾಡನ್ನು ಆಳಿದ ಅಕ್ಕಾದೇವಿಯ ಹೆಸರು ಇಲ್ಲಿಯ ಶಾಸನಗಳಲ್ಲಿ ದೊರೆಯುತ್ತದೆ. ಪ್ರಾಚೀನ ಬರಹಗಳಲ್ಲಿ ಊರಿನ ಹೆಸರು ‘ಸೂಂಡಿ’ ಎಂದಿದೆ. ಗಂಗ ಅರಸ ಇಮ್ಮಡಿ ಬೂತುಗನ ಹೆಸರಿನಲ್ಲಿರುವ, ಶಕ 860ರ ಕಾಲವನ್ನು ಹೇಳುವ ಸೂಡಿಯ ತಾಮ್ರಪಟವನ್ನು ಮುಂಬಯಿ ಸರಕಾರದ ಅಧಿಕಾರಿಯೂ ಶಾಸನ ವಿದ್ವಾಂಸನೂ ಆಗಿದ್ದ ಜೆ. ಎಫ್. ಫ್ಲೀಟ್ ಪ್ರಕಟಿಸಿದನು. ಅದರಲ್ಲಿ ಬೂತುಗನ ಪತ್ನಿ ದೀವಳಾಂಬಿಕೆ ಕಟ್ಟಿಸಿದ ಜಿನಾಲಯದ ಪ್ರಸ್ತಾಪವಿದೆ. ಆ ತಾಮ್ರಪಟ ಕೂಟಲೇಖವೆಂದು ಫ್ಲೀಟನು ಭಾವಿಸಿದನೆಂಬುದೂ ನೆನಪಿನಲ್ಲಿಡತಕ್ಕದ್ದು. ದಾಖಲೆಯಲ್ಲಿ ಬರೆದಿದೆ ಎಂಬ ಮಾತ್ರಕ್ಕೆ ಯಾವುದನ್ನೂ ಸತ್ಯವೆಂದು ಸ್ವೀಕರಿಸದೆ, ಬರೆದವರಾರು, ಯಾತಕ್ಕಾಗಿ ಬರೆದರು ಎಂದು ಕೇಳುವ ಕ್ರಮವನ್ನು ಮನೆತನದ ಚರಿತ್ರೆಯನ್ನು ಬರೆಯುವವರೂ ಅನುಸರಿಸಬೇಕು.

ಇಂಗ್ಲಿಷ್ ಬರಹಕ್ಕೆ ಬಂದ ಮೇಲೆ ಹೆಸರು ಮತ್ತೆ ರೂಪಾಂತರ ಹೊಂದಿತು. 19ನೆಯ ಶತಮಾನದ ಮೊದಲರ್ಧದ ಅಧಿಕಾರಿಗಳು ಕಿವಿಗೆ ಕೇಳಿದಂತೆ ಬರೆದರು. ಅವರ ಕಾಗದಗಳಲ್ಲಿ ಹುಬ್ಬಳ್ಳಿ ‘ಹೂಬ್ಲಿ’ಯಾಯಿತು, ನರಗುಂದ ‘ನರ್ಗೂಂಡ್’ ಆಯಿತು. 1870ರ ದಶಕದಲ್ಲಿ ಡಬ್ಲ್ಯು. ಡಬ್ಲ್ಯು. ಹಂಟರನ ಲಿಪ್ಯಂತರ ಪದ್ಧತಿಯನ್ನು ಸರಕಾರ ಒಪ್ಪಿಕೊಂಡ ಮೇಲೆ ಬರವಣಿಗೆ ಒಂದು ಹದಕ್ಕೆ ಬಂತು. ಆದರೆ ಹಳೆಯ ಸೂಚಿಗಳು ಹಾಗೆಯೇ ಉಳಿದವು. ಮೊದಲು ಎರಡು ‘ಓ’ ಅಕ್ಷರಗಳಿಂದ ಬರೆಯುತ್ತಿದ್ದ ‘ಸೂ’ ಎಂಬುದನ್ನು ಆಮೇಲೆ ಒಂದು ‘ಯು’ ಅಕ್ಷರದಿಂದ ಬರೆಯಲಾಯಿತು. ಆದ್ದರಿಂದ ಅಕಾರಾದಿಯಲ್ಲಿ ಒಂದೇ ಹೆಸರನ್ನು ಎರಡು ಕಡೆ ಹುಡುಕಬೇಕಾಗುತ್ತದೆ. ‘ಡ’ಕಾರಕ್ಕೂ ‘ದ’ಕಾರಕ್ಕೂ ಒಂದೇ ರೋಮನ್ ಅಕ್ಷರವಿರುವುದರಿಂದ, ಸೂಡಿ ಎಂದು ಓದುವುದೋ ಸುದಿ ಎಂದು ಓದುವುದೋ ಎಂಬುದನ್ನು ನೆರೆಯ ಊರುಗಳ ಹೆಸರು ನೋಡಿಯೇ ನಿರ್ಧರಿಸಬೇಕು.

ಸರಕಾರದ ದಫ್ತರಗಳು ಯಾರನ್ನು ನೆನೆದವು

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಬಳಿಕ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೂ ಆಡಳಿತ ಮುಂಬಯಿಯಿಂದಲೇ ನಡೆಯಿತು. ಗದಗ ಜಿಲ್ಲೆ 1997ರಲ್ಲಿ ರೂಪುಗೊಂಡದ್ದು. ಆದುದರಿಂದ ಸೂಡಿಯ ಹಳೆಯ ಕಾಗದಗಳನ್ನು ಗದಗ ಎಂಬ ಶೀರ್ಷಿಕೆಯಲ್ಲಿ ಹುಡುಕಿ ಫಲವಿಲ್ಲ. ಧಾರವಾಡ ಜಿಲ್ಲೆ, ರೋಣ ತಾಲೂಕು ಎಂಬ ಶೀರ್ಷಿಕೆಗಳಲ್ಲಿ, ಧಾರವಾಡ ಮತ್ತು ಮುಂಬಯಿಯ ಪತ್ರಾಗಾರಗಳಲ್ಲಿ ಅರಸಬೇಕು.

ಆ ಕಾಗದಗಳಲ್ಲಿ ಅಡ್ಡಹೆಸರು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಗಜೇಂದ್ರಗಡದ ಘೋರ್ಪಡೆಯವರು, ನರಗುಂದದ ಭಾವೆಯವರು ಇಂಗ್ಲಿಷ್ ಪತ್ರವ್ಯವಹಾರದಲ್ಲಿ ತಲೆಮಾರುಗಳ ಸಹಿತ ಕಾಣಿಸಿಕೊಳ್ಳುತ್ತಾರೆ. ಇನಾಮು ಭೂಮಿಗಳ ಹಕ್ಕನ್ನು ಪರೀಕ್ಷಿಸಲು 1843ರಲ್ಲಿ ಆರಂಭವಾಗಿ 1852ರ 11ನೆಯ ಕಾಯ್ದೆಯಿಂದ ಬಲಗೊಂಡ ಇನಾಂ ಕಮಿಷನ್, ಭೂಮಿಯನ್ನು ಉಳಿಸಿಕೊಳ್ಳಬೇಕೆಂಬವರಿಂದ ಸನದು ಮತ್ತು ವಂಶದ ಪುರಾವೆ ಕೇಳಿತು. ವಂಶಾವಳಿ ಅಂದು ಅನ್ನದ ಪ್ರಶ್ನೆಯಾಗಿತ್ತು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ದತ್ತಕದ ಅನುಮತಿ ದೊರೆಯಲಿಲ್ಲ. 1858ರ ಮೇ ತಿಂಗಳಲ್ಲಿ ಅವನು ಬಂಡೆದ್ದನು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಮನೆತನದ ಹೆಸರು ಮುಂದುವರಿಯಬೇಕೇ ನಿಲ್ಲಬೇಕೇ ಎಂಬುದನ್ನು ದಫ್ತರವೇ ನಿರ್ಣಯಿಸಿದ ಉದಾಹರಣೆ ಸೂಡಿಯ ನೆರೆಯಲ್ಲೇ ಇದೆ.

ಹೊಲವಿದ್ದ ರೈತನ ಹೆಸರು 1840ರ ದಶಕದಿಂದ ನಡೆದ ಸರ್ವೆ ಮತ್ತು ಕಂದಾಯ ನಿಗದಿಯ ಖಾತೆಗಳಲ್ಲಿ ಉಳಿಯಿತು. ಹೊಲವಿಲ್ಲದ ಕೂಲಿಯವನಿಗೆ, ಮಗ್ಗದವನಿಗೆ, ಊರಹೊರಗಿನ ಕೇರಿಯವನಿಗೆ ಆ ಖಾತೆಗಳಲ್ಲಿ ಸ್ಥಾನವಿರಲಿಲ್ಲ. 1872 ಮತ್ತು 1881ರ ಜನಗಣತಿಗಳು ಅವರನ್ನು ಎಣಿಸಿದವು. ಆದರೆ ಪ್ರಕಟವಾದದ್ದು ಸಂಖ್ಯೆಗಳು ಮಾತ್ರ. 1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗೆಜೆಟಿಯರ್ ಜಾತಿಗಳ ರೀತಿನೀತಿಗಳನ್ನು ಪುಟಗಟ್ಟಲೆ ವರ್ಣಿಸುತ್ತದೆ, ಆದರೆ ಒಬ್ಬ ಬಡ ನೇಕಾರನ ಹೆಸರನ್ನು ಅದರಲ್ಲಿ ಹುಡುಕಲಾಗದು. ನಮ್ಮ ಸಭೆಗಳ ಬಹುಪಾಲು ಪೂರ್ವಿಕರು ಸರಕಾರದ ದಫ್ತರದಲ್ಲಿ ಜಾತಿಯಾಗಿ, ಸಂಖ್ಯೆಯಾಗಿ ಇದ್ದಾರೆ. ವ್ಯಕ್ತಿಗಳಾಗಿ ಅವರು ಮೊದಲು ಕಾಣಸಿಗುವುದು ಸಭೆಯ ಪುಸ್ತಕದಲ್ಲಿಯೇ.

ಸಭೆಯ ಪುಸ್ತಕ ಮತ್ತು ನಮೂನೆಯ ಅಂಕಣ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ವರದಿಗಳು ಜರ್ಮನ್ ಭಾಷೆಯಲ್ಲಿವೆ. ಇಂಗ್ಲಿಷ್ ದಾಖಲೆಗಳನ್ನು ಮಾತ್ರ ನೋಡುವವರು ಚರಿತ್ರೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಮುಂಬಯಿ ಪ್ರಾಂತದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸಲಾಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ಅಲ್ಲಿ ಮುಖ್ಯವಾಗಿ ದೊರೆಯುವುದು ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಹೆಸರುಗಳು.

ನಮ್ಮವರ ಅಡ್ಡಹೆಸರಿನ ಮೇಲೆ ಹೆಚ್ಚು ಪ್ರಭಾವ ಬೀರಿದ್ದು 1872ರ ಕ್ರೈಸ್ತ ವಿವಾಹ ಕಾಯ್ದೆ. ಅದಕ್ಕೆ ಲಗತ್ತಾದ ನೋಂದಣಿ ನಮೂನೆಯಲ್ಲಿ ವಧೂವರರ ಕ್ರೈಸ್ತ ಹೆಸರಿಗೆ ಒಂದು ಅಂಕಣ, ಅಡ್ಡಹೆಸರಿಗೆ ಇನ್ನೊಂದು, ತಂದೆಯ ಹೆಸರು ಮತ್ತು ಅಡ್ಡಹೆಸರಿಗೆ ಮತ್ತೊಂದು ಅಂಕಣವಿತ್ತು. ಇಂಗ್ಲೆಂಡಿನಲ್ಲಿ ಥಾಮಸ್ ಕ್ರಾಮ್ವೆಲ್ 1538ರಲ್ಲಿ ಪ್ರತಿ ಸಭಾಪ್ರಾಂತವೂ ಇಂತಹ ಪುಸ್ತಕವನ್ನಿಡಬೇಕೆಂದು ಆಜ್ಞಾಪಿಸಿದ್ದನು. ಅಷ್ಟು ಹೊತ್ತಿಗೆ ಅಲ್ಲಿ ಅಡ್ಡಹೆಸರುಗಳು ಬೇರೂರಿದ್ದವು. ಅವುಗಳಲ್ಲಿ ಅನೇಕವು ಊರು ಬಿಟ್ಟುಹೋದವರಿಗೆ ಅಂಟಿದ ಊರ ಹೆಸರುಗಳೇ. ಆ ರೂಢಿಯಿಂದ ಹುಟ್ಟಿದ ಅಂಕಣ ಇಲ್ಲಿ ಬಂದಾಗ, ನಿಶ್ಚಿತವಾದ ಅಡ್ಡಹೆಸರಿಲ್ಲದವನೂ ಏನನ್ನಾದರೂ ಬರೆಸಲೇಬೇಕಾಯಿತು. ಒಬ್ಬನು ಊರನ್ನು ಬರೆಸಿದನು, ಇನ್ನೊಬ್ಬನು ಕಸುಬನ್ನು, ಮತ್ತೊಬ್ಬನು ತಂದೆಯ ಹೆಸರನ್ನೇ. ಒಡಹುಟ್ಟಿದವರು ಬೇರೆ ಬೇರೆ ಅಡ್ಡಹೆಸರಿನವರಾಗಲು ಇಷ್ಟೇ ಸಾಕು.

ಇದಕ್ಕೆ ಎರಡು ಪ್ರಸಿದ್ಧ ಹೆಸರುಗಳನ್ನು ನೋಡಬಹುದು. 1844ರ ಜನವರಿ 6ರಂದು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾಯರು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಗೋತ್ರದ ಹೆಸರು ಅಡ್ಡಹೆಸರಿನ ಸ್ಥಾನಕ್ಕೆ ಬಂತು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಉತ್ತಂಗಿ ಎಂಬುದು ಹಡಗಲಿ ತಾಲೂಕಿನ ಒಂದು ಊರು. ಧಾರವಾಡದಲ್ಲಿ ಹುಟ್ಟಿದವರನ್ನು ನಾಡು ಉತ್ತಂಗಿಯವರೆಂದೇ ಅರಿತಿದೆ.

ಇನ್ನು 1876–78ರ ಮಹಾಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಮಿಷನ್ ಅನಾಥಾಲಯಗಳಿಗೆ ಸೇರಿದ ಮಕ್ಕಳನ್ನು ನೆನೆಯಬೇಕು. ಊರು ಯಾವುದೆಂದು ಹೇಳಲಾರದ ಮಗುವಿಗೆ ಊರಿನ ಹೆಸರು ಎಲ್ಲಿಂದ ಬರಬೇಕು? ಅಂತಹ ಪೂರ್ವಿಕರನ್ನುಳ್ಳ ಮನೆತನಗಳ ದಾರಿ ಅನಾಥಾಲಯದ ಬಾಗಿಲಲ್ಲಿ ನಿಂತುಬಿಡುತ್ತದೆ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಮೇಲಿನ ನಮೂನೆಯಲ್ಲಿ ತಾಯಿಯ ಹೆಸರಿಗೆ ಅಂಕಣವಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅಕ್ಕಾದೇವಿಯನ್ನೂ ದೀವಳಾಂಬಿಕೆಯನ್ನೂ ಹೆಸರಿಟ್ಟು ನೆನೆದ ಬರಹಗಳ ಊರಿನಿಂದ ಹೊರಟ ಹೆಣ್ಣುಮಗಳು, 19ನೆಯ ಶತಮಾನದ ಅಚ್ಚಿನ ನಮೂನೆಯಲ್ಲಿ ತನ್ನ ಮಗನ ಮದುವೆಯ ದಿನ ಎಲ್ಲಿಯೂ ಕಾಣುವುದಿಲ್ಲ.

ನಜರೇತಿನವನು

ಸತ್ಯವೇದವು ವಂಶಾವಳಿಗಳನ್ನು ಬಲ್ಲದು, ಅವುಗಳ ಮಿತಿಯನ್ನೂ ಬಲ್ಲದು. ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಸೆರೆಯಿಂದ ಮರಳಿದವರ ಪಟ್ಟಿಯಿದೆ. ಕೆಲವರನ್ನು ಮೂಲಪುರುಷನ ಹೆಸರಿನಿಂದ, ಕೆಲವರನ್ನು ಊರಿನಿಂದ ಗುರುತಿಸಲಾಗಿದೆ. ಬೇತ್ಲೆಹೇಮಿನವರು 123, ಅನಾತೋತಿನವರು 128. ಒಬ್ಬನು ಹೆಂಡತಿಯ ತವರಾದ ಬರ್ಜಿಲ್ಲೈ ಮನೆತನದ ಹೆಸರನ್ನೇ ಧರಿಸಿದನು. ತಾವು ಇಸ್ರಾಯೇಲ್ಯರೆಂದು ತೋರಿಸಲಾರದ 652 ಜನರೂ ಅದೇ ಪಟ್ಟಿಯಲ್ಲಿದ್ದಾರೆ. ಪುರಾವೆ ಇಲ್ಲದವರನ್ನೂ ಎಣಿಸಿ ಬರೆದಿಟ್ಟ ಪಟ್ಟಿಯದು. ಆದರೆ ದಾಖಲೆ ಸಿಕ್ಕದ ಯಾಜಕರನ್ನು ಸೇವೆಯಿಂದ ದೂರವಿಟ್ಟದ್ದನ್ನೂ ಅದೇ ಅಧ್ಯಾಯ ಹೇಳುತ್ತದೆ. ದಾಖಲೆಯನ್ನೇ ಯೋಗ್ಯತೆಯ ಅಳತೆ ಮಾಡುವ ಅಪಾಯ ಅಷ್ಟು ಹಳೆಯದು.

ನಮ್ಮ ಕರ್ತನ ಹೆಸರನ್ನೇ ನೋಡೋಣ. ಸ್ವಂತ ಊರಿನಲ್ಲಿ ಜನರು ಆತನನ್ನು ಬಡಗಿಯೆಂದೂ ಮರಿಯಳ ಮಗನೆಂದೂ ಕರೆದರೆಂದು ಮಾರ್ಕನು ಬರೆಯುತ್ತಾನೆ. ಊರಿನ ಹೊರಗೆ ಆತನು ನಜರೇತಿನ ಯೇಸು. ಆ ಹೆಸರಿನಲ್ಲಿ ತಾತ್ಸಾರವೂ ಬೆರೆತಿತ್ತು ಎಂಬುದು ನತಾನಯೇಲನ ಪ್ರಶ್ನೆಯಿಂದ ತಿಳಿಯುತ್ತದೆ. ಕೊನೆಗೆ ಪಿಲಾತನ ಅಪ್ಪಣೆಯಂತೆ ಇಬ್ರಿಯ, ಲ್ಯಾಟಿನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಶಿಲುಬೆಯ ಮೇಲೆ ಬರೆಯಲ್ಪಟ್ಟದ್ದೂ ಊರಿನ ಹೆಸರೇ. ಆ ಸರಕಾರಿ ಬರಹ ಅಪರಾಧಿಯನ್ನು ಗುರುತಿಸಲೆಂದು ಬರೆದದ್ದು. ಸಭೆ ಅದನ್ನು ಅರಿಕೆಯಾಗಿ ಓದಿಕೊಂಡಿತು. ಆತನ ಹೆಣವನ್ನು ಕೇಳಿ ಪಡೆದವನು ಅರಿಮಥಾಯದ ಯೋಸೇಫ, ಶಿಲುಬೆ ಹೊತ್ತವನು ಕುರೇನೆಯ ಸೀಮೋನ, ಬರಿದಾದ ಸಮಾಧಿಯನ್ನು ಕಂಡವಳು ಮಗ್ದಲದ ಮರಿಯಳು. ಸುವಾರ್ತೆಯಲ್ಲಿ ಇವರೆಲ್ಲರೂ ಊರು ಬಿಟ್ಟವರ ಹೆಸರುಳ್ಳವರು.

ಈ ಬೆಳಕಿನಲ್ಲಿ ನೋಡಿದರೆ ಊರಿನ ಅಡ್ಡಹೆಸರು ನಮಗೆ ಕುಲದ ಗುರುತಾಗಬೇಕಿಲ್ಲ. ಜಾತಿ ಕಳೆದುಕೊಂಡವನಿಗೆ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರ 21ನೆಯ ಕಾಯ್ದೆ ಹೇಳಿತಾದರೂ, ದೀಕ್ಷಾಸ್ನಾನ ಹೊಂದಿದ ಅನೇಕರಿಗೆ ಊರಿನ ಬಾವಿ, ಬಾಂಧವರ ಪಂಕ್ತಿ ತಪ್ಪಿದವು. ತಮ್ಮನ್ನು ಹೊರಗಿಟ್ಟ ಊರಿನ ಹೆಸರನ್ನೇ ಅಂಥವರು ಹೊತ್ತು ಬಾಳಿದರೆ, ಅದರಲ್ಲಿ ಕಹಿಗಿಂತ ದೊಡ್ಡದೊಂದು ನಿಷ್ಠೆಯನ್ನು ನಾವು ಕಾಣಬಹುದು.

ನಮ್ಮ ಸಭೆಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಗೆದ್ದಲಿಗೆ ಈಡಾಗುತ್ತಿರುವ ದೀಕ್ಷಾಸ್ನಾನದ ಮತ್ತು ಮದುವೆಯ ಪುಸ್ತಕಗಳ ಪ್ರತಿ ತೆಗೆದಿಡಬೇಕು. ಹಿರಿಯರ ಬಾಯಲ್ಲಿರುವ ಊರು ಕೇರಿಗಳ ನೆನಪನ್ನು ಬರೆದುಕೊಳ್ಳಬೇಕು. ಇನ್ನು ಮುಂದೆ ಬರೆಯುವ ಪುಸ್ತಕಗಳಲ್ಲಿ ತಾಯಿಯ ಹೆಸರಿಗೆ ತಪ್ಪದೆ ಸ್ಥಳವಿರಬೇಕು. ಅಡ್ಡಹೆಸರಿನ ಜಾಡು ಸಿಕ್ಕದವರಿಗೂ ಸಿಕ್ಕಿದವರಿಗೂ ಕರ್ತನ ಮೇಜಿನ ಬಳಿ ಒಂದೇ ಸಾಲು ಎಂಬುದನ್ನು ಮರೆಯದೆ ಈ ಕೆಲಸ ನಡೆಯಲಿ.