ಸುರಪುರ ಸೀಮೆಯ ವಿದ್ಯಾರ್ಥಿಯೂ ಕಾಲೇಜಿನ ಬಾಗಿಲೂ

ಪ್ರೌಢಶಾಲೆಯ ಅಭ್ಯಾಸವನ್ನು ಮುಗಿಸಿದ ಹುಡುಗನು ಕಾಲೇಜನ್ನು ಸೇರಬೇಕಾದರೆ ಬುದ್ಧಿಯೊಂದಿದ್ದರೆ ಸಾಲದು. ಅಲ್ಲಿ ಪಾಠ ಹೇಳುವ ಭಾಷೆಯು ಅವನಿಗೆ ತಿಳಿದಿರಬೇಕು. ಓದು ಮುಗಿಯುವವರೆಗೆ ಅನ್ನಕ್ಕೂ ವಸತಿಗೂ ಆಧಾರವಿರಬೇಕು. ಅವನು ಪ್ರವೇಶಕ್ಕೆ ಅರ್ಹನೆಂದು ಸಾರುವ ಪತ್ರವು ಕೈಯಲ್ಲಿರಬೇಕು. ಬುದ್ಧಿಯು ಹುಟ್ಟಿನಿಂದ ಬರುವುದು. ಉಳಿದ ಮೂರು ಸಮಾಜದಿಂದ ಬರತಕ್ಕವು. ಇವುಗಳಲ್ಲಿ ಒಂದು ಇಲ್ಲವಾದರೂ ಬಾಗಿಲು ಮುಚ್ಚಿಯೇ ಇರುವುದು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಗೆ ಸೇರಿದ ಕಕ್ಕೇರಾ ಮತ್ತು ಅದರ ಸುತ್ತಣ ಹಳ್ಳಿಗಳು ಕೊಡೇಕಲ್ಲಿನ ಬಸವಣ್ಣನಿಂದಲೂ ತಿಂಥಣಿಯ ಮೋನಪ್ಪಯ್ಯನಿಂದಲೂ ಪಾವನವಾದ ಕೃಷ್ಣಾತೀರದ ನೆಲಕ್ಕೆ ಸೇರಿದವು. ತತ್ತ್ವವನ್ನೂ ಪದವನ್ನೂ ಬೆಳೆಯುವುದರಲ್ಲಿ ಈ ನೆಲವು ಎಂದೂ ಬಡವಾದುದಿಲ್ಲ. ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 51.83 ಮಾತ್ರವಾಗಿ, ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಕಡೆಯದಾಗಿದ್ದಿತು. ಇದಕ್ಕೆ ಜನರ ಮಂದಬುದ್ಧಿಯೇ ಕಾರಣವೆನ್ನುವವರು ಚರಿತ್ರೆಯನ್ನು ನೋಡಿದವರಲ್ಲ. ಭಾಷೆ, ಅನ್ನ, ಪತ್ರ ಎಂಬ ಮೂರು ಬೀಗಗಳು ಈ ಸೀಮೆಯ ಮಕ್ಕಳ ಮುಂದೆ ಒಂದಾದ ಮೇಲೊಂದು ಬಿದ್ದುದನ್ನೂ, ಅವು ಯಾರ ಕೈಯಿಂದ ತೆರೆದವೆಂಬುದನ್ನೂ ಇಲ್ಲಿ ವಿಚಾರಿಸತಕ್ಕುದಾಗಿದೆ.

ವಿದ್ಯಾರ್ಥಿಗೆ ಆಶ್ರಯ ಕೊಡುವ ಪದ್ಧತಿಯು ಈ ಪ್ರಾಂತಕ್ಕೆ ಹೊಸದಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿದ್ದಿತು. ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅದಕ್ಕೆ ಕೊಟ್ಟ ದತ್ತಿಯನ್ನು 1058ರ ಶಾಸನವು ಹೇಳುತ್ತದೆ. ವೇದವನ್ನು ಓದುವ 200 ಮಂದಿಗೂ ಶಾಸ್ತ್ರವನ್ನು ಓದುವ 50 ಮಂದಿಗೂ ಅಲ್ಲಿ ಏರ್ಪಾಡಿದ್ದಿತು. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀಭಾಂಡಾರಿಕರಿದ್ದರು. ಓದುವವರ ಸಂಖ್ಯೆಯನ್ನು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ದತ್ತಿಯನ್ನು ಬಿಟ್ಟುದು ಗಮನಿಸತಕ್ಕ ಸಂಗತಿ. ಹಾಗೆ ಓದಿದವನು ಯಾಚಕನಾಗಿರಲಿಲ್ಲ, ದತ್ತಿಗೆ ಹಕ್ಕುದಾರನಾಗಿದ್ದನು. ಆ ಹಕ್ಕು ಸಮಾಜದ ಅಲ್ಪಭಾಗಕ್ಕೆ ಮಾತ್ರ ಸಲ್ಲುತ್ತಿದ್ದುದೂ ನಿಜವೇ.

ಅನೇಕ ಶತಮಾನಗಳ ತರುವಾಯ ಸುರಪುರವು ಬೇಡನಾಯಕರ ರಾಜಧಾನಿಯಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಕರ್ನಲ್ ಮೆಡೋಸ್ ಟೇಲರನು ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದನು. ರಾಜನ ಪಾಲನೆ ಮತ್ತು ಶಿಕ್ಷಣಗಳ ಹೊಣೆಯೂ ಅವನದಾಗಿದ್ದಿತು. 1853ರಲ್ಲಿ ರಾಜನು ಅಧಿಕಾರವನ್ನು ವಹಿಸಿಕೊಂಡನು. 1858ರ ದಂಗೆಯಲ್ಲಿ ಸೆರೆಸಿಕ್ಕಿ ಚಿಕ್ಕ ವಯಸ್ಸಿನಲ್ಲಿಯೇ ಮರಣಹೊಂದಿದನು. ಆ ಕಥೆಯು ನಾಡಿಗೆಲ್ಲ ತಿಳಿದುದು. ಇಲ್ಲಿ ಹೇಳಬೇಕಾದುದಿಷ್ಟೆ: ಆ ಕಾಲದಲ್ಲಿ ಇಡೀ ಸೀಮೆಯಲ್ಲಿ ಓದಿನ ಹಾದಿಯನ್ನು ತೋರಿಸುವ ಪೋಷಕನು ಒಬ್ಬ ಬಾಲಕನಿಗೆ ಮಾತ್ರ ದೊರೆತನು, ಆ ಬಾಲಕನು ಅರಸನಾಗಿದ್ದನು. ಪ್ರಜೆಗಳ ಮಕ್ಕಳಿಗೆ ಅಂಥ ಪೋಷಕನು ಬರುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು.

1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಅಲ್ಲಿಂದ ಭಾಷೆಯ ಬೀಗವು ಬಿದ್ದಿತೆನ್ನಬಹುದು. ದರಬಾರದ ಭಾಷೆ ಮೊದಲು ಫಾರಸಿಯಾಗಿದ್ದು 1880ರ ದಶಕದಲ್ಲಿ ಉರ್ದುವಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಮೇಲ್ಪಟ್ಟ ಓದಿಗೆ ಇಂಗ್ಲಿಷು—ಹೀಗೆ ಒಬ್ಬ ಬಾಲಕನು ಮೂರು ನಾಲಗೆಗಳನ್ನು ಹೊತ್ತು ನಡೆಯಬೇಕಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಬಹುದೆಂದು ತೋರಿಸಿಕೊಟ್ಟ ಕೀರ್ತಿ ಅದಕ್ಕೆ ಸಲ್ಲಬೇಕು; ವಿಜ್ಞಾನ ಗ್ರಂಥಗಳನ್ನು ಉರ್ದುವಿಗೆ ತರುವ ಭಾಷಾಂತರ ವಿಭಾಗವನ್ನೂ ಅದಕ್ಕಾಗಿ ಏರ್ಪಡಿಸಿದ್ದರು. ಆದರೆ ಆ ದೇಶಭಾಷೆಯು ಕೃಷ್ಣಾತೀರದ ಒಕ್ಕಲಮಗನ ಭಾಷೆಯಾಗಿರಲಿಲ್ಲ. ಹೈದರಾಬಾದಿಗೆ ಹೋದರೆ ಉರ್ದು ಬೇಕು. ಧಾರವಾಡಕ್ಕೋ ಸೊಲ್ಲಾಪುರಕ್ಕೋ ಹೋದರೆ ಪರರಾಜ್ಯದ ಖರ್ಚು ಬೇಕು.

ಈ ಇಕ್ಕಟ್ಟಿನಲ್ಲಿ ಮುಂದೆ ಬಂದವರು ಖಾಸಗಿ ಶಾಲೆಗಳನ್ನು ತೆರೆದ ಮಹನೀಯರು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾಶಾಲೆಯನ್ನು ಸ್ಥಾಪಿಸಿದರು. ಕೊಪ್ಪಳದ ಕಡೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿಯೇ ಓದಿ, ಉರ್ದುವಿನಲ್ಲಿ ಪಳಗಿ, ಕನ್ನಡದ ಕವಿಗಳಾಗಿ ಹೆಸರಾದರು. ಆದರೆ ಅಂಥವರು ವಿರಳ. 1938ರಲ್ಲಿ ‘ವಂದೇ ಮಾತರಂ’ ಹಾಡಿದುದಕ್ಕಾಗಿ ಉಸ್ಮಾನಿಯಾದ ವಿದ್ಯಾರ್ಥಿಗಳನ್ನು ಹೊರಹಾಕಿದಾಗ ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲಿನ ದಾರಿಯನ್ನು ತೋರಿಸುವವರಿದ್ದರೆ ಓದು ನಿಲ್ಲುವುದಿಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಎರಡನೆಯದು ಅನ್ನದ ಬೀಗ. ಗುರುದಕ್ಷಿಣೆಗೆ ಹದಿನಾಲ್ಕು ಕೋಟಿ ಹೊನ್ನು ಬೇಕೆಂದು ಬಂದ ಕೌತ್ಸನನ್ನು, ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯನ್ನು ಹಿಡಿದಿದ್ದ ರಘುಮಹಾರಾಜನು ಬರಿಗೈಯಲ್ಲಿ ಕಳುಹಿಸಲಿಲ್ಲವಷ್ಟೆ. ಈಚಿನ ಶತಮಾನದ ಬಡ ವಿದ್ಯಾರ್ಥಿಗೆ ದೊರೆತ ರಘುವೆಂದರೆ ವಾರಾನ್ನವನ್ನು ಹಾಕಿದ ಗೃಹಿಣಿ. ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು ಕನ್ನಡನಾಡಿನಲ್ಲಿ ಅಸಂಖ್ಯ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಈ ಅನಿಶ್ಚಯವನ್ನು ತಪ್ಪಿಸಿದುದು ಮಠಗಳ ಉಚಿತ ಪ್ರಸಾದನಿಲಯ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಮನೆಮನೆಯಿಂದ ಧಾನ್ಯವನ್ನು ಕೂಡಿಸಿ ವಿದ್ಯಾರ್ಥಿಗಳನ್ನು ಸಾಕಿದರು. ಸಿರಸಂಗಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗಾಗಿ ಬರೆದಿಟ್ಟರು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದರು; ಬೆಳಗಾವಿಯಲ್ಲಿ 1916ರಲ್ಲಿ ಕೆ. ಎಲ್. ಇ. ಸಂಸ್ಥೆಯು ಹುಟ್ಟಿತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆದುದು ರೊದ್ದ ಶ್ರೀನಿವಾಸರಾಯರೇ ಮೊದಲಾದವರು ಜನರಿಂದ ಹಣ ಕೂಡಿಸಿದುದರ ಫಲವಾಗಿ. ಇವೆಲ್ಲವೂ ಮುಂಬಯಿ ಇಲಾಖೆಯ ಮಾತು. ಗಡಿಯ ಈಚೆಗಿದ್ದ ಸುರಪುರದ ಹುಡುಗನಿಗೆ ಆ ಅನ್ನದ ಪರಿಮಳವು ದೂರದಿಂದ ಬರುತ್ತಿದ್ದಿತೇ ಹೊರತು ಎಲೆ ಹಾಕಿದ ಪಂಕ್ತಿಯು ಹತ್ತಿರವಿರಲಿಲ್ಲ. ಅದರ ಮೇಲೆ, ಆ ಕಾಲದ ದಾನವು ಬಹುಮಟ್ಟಿಗೆ ಆಯಾ ಜಾತಿಯವರು ತಮ್ಮವರಿಗೆ ಮಾಡಿದುದು. ಪೋಷಕರಿಲ್ಲದ ಜಾತಿಯಲ್ಲಿ ಹುಟ್ಟಿದವನಿಗೆ ವಾರಾನ್ನವೂ ಇರಲಿಲ್ಲ.

ಆ ಕೊರತೆಯನ್ನು ತುಂಬಬೇಕಾದುದು ಸರಕಾರವೇ. ಡಾ. ಅಂಬೇಡಕರರ ಪ್ರಯತ್ನದಿಂದ 1944ರಲ್ಲಿ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ಕಿನ ಮೇಲಣ ಓದಿಗಾಗಿ ಭಾರತ ಸರಕಾರದ ವಿದ್ಯಾರ್ಥಿವೇತನವು ಪ್ರಾರಂಭವಾಯಿತು. 1948ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಸುರಪುರವು ಕನ್ನಡಿಗರ ಒಂದೇ ರಾಜ್ಯದೊಳಗೆ ಬಂದಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರು ಕಲಬುರಗಿಯಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ಆಯಿತು. ಸುರಪುರ ಸೀಮೆಯಲ್ಲಿ ಬಹುಸಂಖ್ಯರಾದ ಬೇಡ, ನಾಯಕ, ವಾಲ್ಮೀಕಿ ಜನರ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಒಂದು ಕಾಲಕ್ಕೆ ನೆಲವನ್ನಾಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನದ ಹಕ್ಕು ದೊರೆತುದು ರಾಜ್ಯ ಹೋಗಿ ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ. ಹಿಂದುಳಿದ ವರ್ಗಗಳಲ್ಲಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದವರಿಗೆ ಊಟವಸತಿಗಳಿಗಾಗಿ ತಿಂಗಳಿಗೆ 1500 ರೂಪಾಯಿಗಳಂತೆ ಹತ್ತು ತಿಂಗಳು ಕೊಡುವ ‘ವಿದ್ಯಾಸಿರಿ’ಯು 2013ರಲ್ಲಿ ಬಂದಿತು. ವಾರಾನ್ನದ ಏಳು ಮನೆಗಳು ಹೀಗೆ ಸರಕಾರದ ಒಂದು ಮನೆಯಾದವು.

ಪ್ರವೇಶದ ವಿಷಯದಲ್ಲಿಯೂ ನ್ಯಾಯವು ನಿಧಾನವಾಗಿ ಬಂದಿತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಣ ಸುರಿದವನಿಗೆ ಸ್ಥಳವೆಂಬ ಪದ್ಧತಿಯನ್ನು ತಡೆಯಲು ಕರ್ನಾಟಕವು 1984ರಲ್ಲಿ ಕಾನೂನನ್ನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಥ ಶುಲ್ಕವನ್ನು ನಿಷಿದ್ಧವೆಂದು ಸಾರಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕವು ಏರ್ಪಟ್ಟು, ಅಂಕದ ಕ್ರಮದಲ್ಲಿ ಸ್ಥಳವನ್ನು ಹಂಚುವ ಪದ್ಧತಿಯು ನೆಲೆಗೊಂಡಿತು. 2012ರ ಸಂವಿಧಾನದ ತಿದ್ದುಪಡಿಯಿಂದ 371 (ಜೆ) ವಿಧಿಯು ಸೇರಿತು. ಅದರಂತೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಳಗಳೂ ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ 8 ಸ್ಥಳಗಳೂ ಇಲ್ಲಿಯವರಿಗೆ ಮೀಸಲಾದವು. 2017ರಿಂದ ವೈದ್ಯಕೀಯ ಪ್ರವೇಶದ ಅಖಿಲ ಭಾರತ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು, ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜು ಇವೆ. ಭಾಷೆಯ ಬೀಗವು ಅರ್ಧ ತೆರೆದಿದೆ. ಅನ್ನದ ಬೀಗವು ಬಹುಮಟ್ಟಿಗೆ ತೆರೆದಿದೆ.

ಉಳಿದುದು ಪತ್ರದ ಬೀಗ. ಛಾಂದೋಗ್ಯದಲ್ಲಿ ಸತ್ಯಕಾಮನು ಗೌತಮನ ಬಳಿಗೆ ಹೋದಾಗ ಗುರುವು ಅವನ ಗೋತ್ರವನ್ನು ಕೇಳಿದನು. ತಾಯಿಗೂ ತಿಳಿಯದೆಂದು ಬಾಲಕನು ಇದ್ದುದನ್ನು ಇದ್ದಂತೆ ಹೇಳಿದನು. ಆ ಸತ್ಯವನ್ನೇ ಪ್ರಮಾಣಪತ್ರವೆಂದು ತಿಳಿದು ಗುರುವು ಅವನನ್ನು ಸೇರಿಸಿಕೊಂಡನು. ಲಕ್ಷಾಂತರ ಮಂದಿ ಒಂದೇ ಬಾಗಿಲಿಗೆ ಬರುವ ಈ ಕಾಲದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಜಾತಿ ಮತ್ತು ಆದಾಯಗಳ ಪತ್ರವು ತಹಶೀಲ್ದಾರರಿಂದ, 371 (ಜೆ) ವಿಧಿಯ ಅರ್ಹತಾಪತ್ರವು ಸಹಾಯಕ ಕಮಿಷನರರಿಂದ, ಗ್ರಾಮೀಣ ವ್ಯಾಸಂಗದ ಮತ್ತು ಕನ್ನಡ ಮಾಧ್ಯಮದ ಪತ್ರಗಳು ಶಾಲೆಯಿಂದ ಹೊರಟು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೊಡನೆ ಬರಬೇಕು. ಕೃಷಿ ಪದವಿಗೆ ಹೋಗುವ ರೈತನ ಮಗನಿಗೆ ಪ್ರತ್ಯೇಕ ಮೀಸಲು ಉಂಟು. ಅದಕ್ಕೆ ಬೇರೊಂದು ಪತ್ರ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಇದ್ದರೆ ಮಂಜೂರಾದ ವಿದ್ಯಾರ್ಥಿವೇತನವೂ ಬ್ಯಾಂಕಿನ ಖಾತೆಗೆ ಬಂದು ಮುಟ್ಟುವುದಿಲ್ಲ.

ಕಕ್ಕೇರಾದಂಥ ಊರಿನಲ್ಲಿ ಇದರ ತೊಡಕು ಇನ್ನೂ ಹೆಚ್ಚು. ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸ್ಥಳಗಳು ಮೀಸಲು. ಗ್ರಾಮೀಣವೆಂದರೆ ಪೌರಸಂಸ್ಥೆಯ ಎಲ್ಲೆಯ ಹೊರಗಿನ ಪ್ರದೇಶ. ಕಕ್ಕೇರಾ ಈಗ ಪುರಸಭೆಯ ಊರು. ಅಲ್ಲಿಯ ಹೊಲವೂ ಜೀವನವೂ ಹಳ್ಳಿಯದಾದರೂ ಪುರಸಭೆಯಾದ ತರುವಾಯದ ಓದು ಪಟ್ಟಣದ ಲೆಕ್ಕಕ್ಕೆ ಬೀಳುತ್ತದೆ. ಕೂಲಿಗಾಗಿ ತಂದೆತಾಯಿಗಳು ಬೆಂಗಳೂರಿಗೋ ಮುಂಬಯಿಗೋ ಹೋದಾಗ ಮಗುವೂ ಒಂದೆರಡು ವರ್ಷ ಅಲ್ಲಿ ಓದಿದರೆ ಆ ಹತ್ತು ವರ್ಷಗಳ ಸರಪಳಿ ತುಂಡಾಗುವುದು. ಇದನ್ನು ಮೊದಲೇ ತಿಳಿದವನು ಬೇರೆ ಯಾವ ಮೀಸಲು ತನಗೆ ಸಲ್ಲುವುದೆಂದು ನೋಡಿಕೊಳ್ಳುವನು. ತಿಳಿಯದವನು ಕೊನೆಯ ದಿನ ತಹಶೀಲಿಯ ಮೆಟ್ಟಿಲ ಮೇಲೆ ಕುಳಿತಿರುವನು. ಅಷ್ಟರಲ್ಲಿ ಸ್ಥಳವು ಬೇರೊಬ್ಬನಿಗೆ ಹೋಗಿರುವುದು. ಅಂಕ ಕಡಿಮೆಯಾಗಿ ಸೋತವನು ಮತ್ತೆ ಓದಿ ಗೆಲ್ಲಬಹುದು. ಅಂಕವಿದ್ದೂ ಕಾಗದವಿಲ್ಲದೆ ಸೋತವನಿಗೆ ತಾನು ಮಾಡಿದ ತಪ್ಪೇನೆಂಬುದೇ ಅರ್ಥವಾಗುವುದಿಲ್ಲ. ಅವನ ತಮ್ಮನೂ ತಂಗಿಯೂ ಅದನ್ನು ನೋಡಿ ಓದನ್ನು ಬಿಡುವರು. ಒಂದು ಪತ್ರದಿಂದ ಒಂದು ಮನೆತನದ ಗತಿಯೇ ಹೀಗೆ ಬದಲಾಗುವುದು.

ಚರಿತ್ರೆಯಿಂದ ತಿಳಿಯುವುದು ಇಷ್ಟು. ಭಾಷೆಯ ಬೀಗವನ್ನು ತೆರೆದವರು ಶಾಲೆ ಕಟ್ಟಿದವರು. ಅನ್ನದ ಬೀಗವನ್ನು ತೆರೆದವರು ಮೊದಲು ಗೃಹಿಣಿಯರು ಮತ್ತು ಸ್ವಾಮಿಗಳು, ಆಮೇಲೆ ಸರಕಾರ. ಪತ್ರದ ಬೀಗಕ್ಕೆ ಧನವೂ ಬೇಡ, ದತ್ತಿಯೂ ಬೇಡ; ವಿಷಯ ತಿಳಿದವರೊಬ್ಬರು ವಿದ್ಯಾರ್ಥಿಯೊಡನೆ ಒಂದು ಗಂಟೆ ಕುಳಿತರೆ ಸಾಕು. ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲಿಯೇ ಹೆಸರುಗಳನ್ನು ಸರಿಪಡಿಸಿ, ಪತ್ರಗಳನ್ನು ಮಾಡಿಸಿ, ಒಂದು ಚೀಲದಲ್ಲಿ ಕಟ್ಟಿಡಿಸುವ ಉಪಾಧ್ಯಾಯನು ಪ್ರತಿ ಪ್ರೌಢಶಾಲೆಗೂ ಒಬ್ಬನಿದ್ದರೆ ಈ ಸೀಮೆಯ ನೂರಾರು ಮಕ್ಕಳು ಬಾಗಿಲನ್ನು ದಾಟುವರು. ನಾಗಾವಿಯಲ್ಲಿ ಪುಸ್ತಕವನ್ನು ಕಾಯಲು ಆರು ಮಂದಿಯನ್ನು ನೇಮಿಸಿದ ನಾಡಿಗೆ, ಕಾಗದವನ್ನು ಕಾಯಲು ಊರಿಗೊಬ್ಬನನ್ನು ನಿಲ್ಲಿಸುವುದು ಭಾರವಾದ ಕೆಲಸವಲ್ಲ. ಹಿಂದಿನವರು ಹಾಕಿದ ಅನ್ನದಿಂದ ಓದಿ ಬೆಳೆದವರು ಈ ಋಣವನ್ನು ತೀರಿಸುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.