ಕೆನಡಾದಲ್ಲಿ ನಿರಾಶ್ರಿತರ ಅರ್ಜಿಗಳ ನ್ಯಾಯಿಕ ಪರಿಶೀಲನೆ

ಆಶ್ರಯ ಕೋರಿದವರ ಅರ್ಜಿಯನ್ನು ತಳ್ಳಿಹಾಕಿದ ತೀರ್ಮಾನ ಕಾನೂನಿಗೆ ಸರಿಯಾಗಿದೆಯೇ ಎಂದು ಕೆನಡಾದ ಫೆಡರಲ್ ನ್ಯಾಯಾಲಯ ನೋಡುವ ವ್ಯವಸ್ಥೆ. ಇದು ಮೇಲ್ಮನವಿಯಲ್ಲ. ಅರ್ಜಿದಾರ ನಿರಾಶ್ರಿತನೇ ಎಂಬುದನ್ನು ನ್ಯಾಯಾಧೀಶರು ಸಾಮಾನ್ಯವಾಗಿ ತಾವೇ ತೀರ್ಮಾನಿಸುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತೇ, ಕೊಟ್ಟ ಕಾರಣಗಳು ನಿಲ್ಲುತ್ತವೆಯೇ ಎಂದಷ್ಟೇ ಪರೀಕ್ಷಿಸುತ್ತಾರೆ. ದೋಷ ಕಂಡರೆ ಆದೇಶ ರದ್ದಾಗಿ, ಪ್ರಕರಣ ಮರುವಿಚಾರಣೆಗೆ ಹಿಂದಿರುಗುತ್ತದೆ.

ಹಿನ್ನೆಲೆ: ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದವನ್ನು ಕೆನಡಾ 1969ರಲ್ಲಿ ಒಪ್ಪಿಕೊಂಡಿತು. 1978ರಲ್ಲಿ ಜಾರಿಗೆ ಬಂದ ವಲಸೆ ಕಾಯ್ದೆಯಡಿ ವಲಸೆ ಅಧಿಕಾರಿ ಅರ್ಜಿದಾರನಿಂದ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುತ್ತಿದ್ದ. ಅದರ ಲಿಖಿತ ಪ್ರತಿಯನ್ನು ಸಲಹಾ ಸಮಿತಿಯೊಂದು ಓದುತ್ತಿತ್ತು. ಸಮಿತಿಯ ಸಲಹೆ ಪಡೆದು ಸಚಿವರು ತೀರ್ಮಾನಿಸುತ್ತಿದ್ದರು. ತಿರಸ್ಕೃತನಾದವನು ವಲಸೆ ಮೇಲ್ಮನವಿ ಮಂಡಳಿಯ ಮೊರೆ ಹೋಗಬಹುದಿತ್ತು. ಆದರೆ ಗೆಲ್ಲುವ ಸಾಧ್ಯತೆಯಿಲ್ಲವೆಂದು ಕಾಗದಪತ್ರ ನೋಡಿಯೇ ಅನಿಸಿದರೆ ಮಂಡಳಿ ಅವನ ಅಹವಾಲು ಕೇಳುತ್ತಿರಲಿಲ್ಲ.

ಸಿಂಗ್ ತೀರ್ಪು: ಈ ಪದ್ಧತಿಯನ್ನು ಅರ್ಜಿ ತಿರಸ್ಕೃತವಾದ ಹರ್ಭಜನ್ ಸಿಂಗ್ ಮತ್ತಿತರರು ಪ್ರಶ್ನಿಸಿದರು. 1985ರ ಏಪ್ರಿಲ್ 4ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಆರು ನ್ಯಾಯಮೂರ್ತಿಗಳೂ ಫಲಿತಾಂಶದಲ್ಲಿ ಒಮ್ಮತ ಹೊಂದಿದ್ದರೂ ಕಾರಣದಲ್ಲಿ ಮೂವರು ಮೂವರಾಗಿ ಬೇರೆಯಾದರು. ಬರ್ಥಾ ವಿಲ್ಸನ್ ಅವರ ಬಣ 1982ರ ಹಕ್ಕುಗಳ ಸನ್ನದನ್ನು ಆಧರಿಸಿತು: ಕೆನಡಾದ ನೆಲದಲ್ಲಿರುವ ಪ್ರತಿಯೊಬ್ಬರಿಗೂ ಅದರ ರಕ್ಷಣೆಯುಂಟು, ಮಾತನ್ನು ನಂಬಬೇಕೋ ಬೇಡವೋ ಎಂಬುದೇ ಪ್ರಶ್ನೆಯಾದಾಗ ಆಡಿದವನನ್ನು ಎದುರಿಗೆ ಕೂರಿಸಿ ಕೇಳಲೇಬೇಕು. ಉಳಿದ ಮೂವರು 1960ರ ಹಕ್ಕುಗಳ ಕಾಯ್ದೆಯಿಂದ ಅದೇ ಫಲಿತಾಂಶಕ್ಕೆ ಬಂದರು. ಏಪ್ರಿಲ್ 4 ಇಂದು ಅಲ್ಲಿ ನಿರಾಶ್ರಿತರ ಹಕ್ಕುಗಳ ದಿನ.

ಅನುಮತಿಯ ಹೊಸ್ತಿಲು: 1989ರ ಜನವರಿಯಲ್ಲಿ ಸ್ವತಂತ್ರವಾದ ವಲಸೆ ಮತ್ತು ನಿರಾಶ್ರಿತರ ಮಂಡಳಿ ಕೆಲಸ ಆರಂಭಿಸಿತು. ಖುದ್ದು ವಿಚಾರಣೆ ಸಿಕ್ಕಿತಾದರೂ ನ್ಯಾಯಾಲಯಕ್ಕೆ ಹೋಗಲು ಮೊದಲು ಅನುಮತಿ ಪಡೆಯಬೇಕೆಂಬ ನಿಯಮವೂ ಜೊತೆಗೇ ಬಂತು. 1993ರಲ್ಲಿ ಪರಿಶೀಲನೆಯ ಹೊಣೆ ಫೆಡರಲ್ ಮೇಲ್ಮನವಿ ನ್ಯಾಯಾಲಯದಿಂದ ಫೆಡರಲ್ ನ್ಯಾಯಾಲಯದ ವಿಚಾರಣಾ ವಿಭಾಗಕ್ಕೆ ವರ್ಗವಾಯಿತು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಹೋಗಬೇಕಾದರೆ, ಸಾರ್ವತ್ರಿಕ ಮಹತ್ವದ ಗಂಭೀರ ಪ್ರಶ್ನೆಯಿದೆ ಎಂದು ನ್ಯಾಯಾಧೀಶರೇ ದೃಢೀಕರಿಸಬೇಕು.

2002ರ ಜೂನ್ 28ರಂದು ಜಾರಿಯಾದ ಹೊಸ ಕಾಯ್ದೆ ಮಂಡಳಿಯ ಪೀಠವನ್ನು ಒಬ್ಬ ಸದಸ್ಯನಿಗೆ ಇಳಿಸಿತು. ಅದಕ್ಕೆ ಪ್ರತಿಯಾಗಿ ಸೂಚಿಸಿದ್ದ ನಿರಾಶ್ರಿತರ ಮೇಲ್ಮನವಿ ವಿಭಾಗ ಮಾತ್ರ ಬಾಗಿಲು ತೆರೆದದ್ದು 2012ರ ಡಿಸೆಂಬರ್ 15ರಂದು. ನಡುವಣ ಹತ್ತು ವರ್ಷ, ಸೋತವರಿಗೆ ಫೆಡರಲ್ ನ್ಯಾಯಾಲಯವೇ ಮುಖ್ಯ ಆಸರೆ.

ಪರಿಶೀಲನೆಯ ಅಳತೆಗೋಲು: ಸರ್ವೋಚ್ಚ ನ್ಯಾಯಾಲಯದ 2019ರ ಡಿಸೆಂಬರ್ 19ರ ವಾವಿಲೋವ್ ತೀರ್ಪು ಪೌರತ್ವಕ್ಕೆ ಸಂಬಂಧಿಸಿದ್ದು. ಆದರೂ ಸಮಂಜಸತೆಯೇ ಸಾಮಾನ್ಯ ಮಾನದಂಡವೆಂಬ ಅದರ ನಿಯಮ ನಿರಾಶ್ರಿತರ ಪ್ರಕರಣಗಳಿಗೂ ಅನ್ವಯಿಸುತ್ತದೆ. ತೀರ್ಮಾನದ ಪರಿಣಾಮ ಎಷ್ಟು ಕಠೋರವೋ ವಿವರಣೆ ಅಷ್ಟು ಗಟ್ಟಿಯಾಗಿರಬೇಕು ಎಂದೂ ಅದು ಹೇಳಿತು. ಪರಿಶೀಲನೆ ಮುಗಿಯುವವರೆಗೆ ಗಡೀಪಾರಿಗೆ ತಂತಾನೇ ತಡೆ ಸಿಗದವರು ಪ್ರತ್ಯೇಕವಾಗಿ ತಡೆಯಾಜ್ಞೆ ಕೋರಬೇಕು. 1988ರ ಟೋತ್ ತೀರ್ಪಿನಂತೆ ಅದಕ್ಕೆ ಮೂರು ಪರೀಕ್ಷೆಗಳು: ಗಂಭೀರ ಪ್ರಶ್ನೆ, ಸರಿಪಡಿಸಲಾಗದ ಹಾನಿ, ಅನುಕೂಲತೆಯ ಸಮತೋಲ.

ಟೀಕೆ: ಕೆನಡಾದೊಳಗಿನ ತೀರ್ಮಾನವಾದರೆ ಅನುಮತಿ ಕೋರಲು ಕಾಯ್ದೆ ಕೊಟ್ಟ ಅವಧಿ ಬರೀ 15 ದಿನ. ಅನುಮತಿ ನೀಡುವ ಪ್ರಮಾಣ ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಬಹಳ ಬದಲಾಗುವುದನ್ನು ವಿದ್ವಾಂಸ ಷಾನ್ ರೆಹಾಗ್ 2012ರ ಅಧ್ಯಯನದಲ್ಲಿ ತೋರಿಸಿದರು. ಅನುಮತಿಯ ಅರ್ಜಿಯನ್ನು ಒಬ್ಬ ನ್ಯಾಯಾಧೀಶರು ಸಾಮಾನ್ಯವಾಗಿ ಕಡತ ಓದಿಯೇ ಇತ್ಯರ್ಥಪಡಿಸುತ್ತಾರೆ, ನಿರಾಕರಿಸಿದರೆ ಮೇಲ್ಮನವಿಯಿಲ್ಲ. ಸಿಂಗ್ ತೀರ್ಪಿನಿಂದ ಮಂಡಳಿಯ ಮುಂದೆ ಕುರ್ಚಿ ಪಡೆದ ಅರ್ಜಿದಾರ, ನ್ಯಾಯಾಲಯದ ಹೊಸ್ತಿಲಲ್ಲಿ ಇಂದಿಗೂ ಕಾಗದವಾಗಿಯೇ ನಿಲ್ಲುತ್ತಾನೆ.