ಲೇಖನಿಯೇ ಜೀವನೋಪಾಯ: ಕನ್ನಡದ ಸ್ವತಂತ್ರ ಬರಹಗಾರರ ವೃತ್ತಿಜೀವನದ ಚಾರಿತ್ರಿಕ ನೆಲೆಗಳು

ಕನ್ನಡ ಸಾಹಿತ್ಯ ಚರಿತ್ರೆಯು ಕೃತಿಗಳನ್ನು, ಪಂಥಗಳನ್ನು, ಪ್ರಭಾವಗಳನ್ನು ವಿಸ್ತಾರವಾಗಿ ಚರ್ಚಿಸಿದೆ. ಕೃತಿಕಾರನ ಹೊಟ್ಟೆಪಾಡು ಹೇಗೆ ನಡೆಯಿತು ಎಂಬ ಪ್ರಶ್ನೆ ಮಾತ್ರ ಅದರ ಅಂಚಿನಲ್ಲೇ ಉಳಿದಿದೆ. ಆಧುನಿಕ ಕನ್ನಡದ ಬಹುಪಾಲು ಲೇಖಕರು ಸಂಬಳದ ನೌಕರಿಯಲ್ಲಿದ್ದವರು. ಬಿ.ಎಂ. ಶ್ರೀಕಂಠಯ್ಯ, ಕುವೆಂಪು ಅವರು ಅಧ್ಯಾಪಕರು; ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿ. ಅವರ ಬರವಣಿಗೆಯ ಭಾರವನ್ನು ತಿಂಗಳ ಸಂಬಳ ಹೊತ್ತಿತು. ಈ ಆಸರೆಯಿಲ್ಲದೆ ಬರಹವನ್ನೇ ವೃತ್ತಿಯಾಗಿಸಿಕೊಂಡವರು ಕೆಲವರು ಮಾತ್ರ. ಗಳಗನಾಥ, ಶಿವರಾಮ ಕಾರಂತ ಮತ್ತು ಅ.ನ. ಕೃಷ್ಣರಾಯರ ವೃತ್ತಿಜೀವನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬರೆದು ಬದುಕುವುದು ಬರಹದ ಶಕ್ತಿಯೊಂದರಿಂದಲೇ ಸಾಧ್ಯವಾಗಲಿಲ್ಲ. ಬರಹವು ಓದುಗನನ್ನು ತಲುಪುವ ದಾರಿ ಯಾರ ಕೈಯಲ್ಲಿತ್ತು ಎಂಬುದು ಅಷ್ಟೇ ನಿರ್ಣಾಯಕವಾಗಿತ್ತು.

ಈ ಪ್ರಶ್ನೆ ಮುದ್ರಣಯುಗದೊಂದಿಗೆ ಹುಟ್ಟಿದ್ದಲ್ಲ. ನಮ್ಮ ಮೌಖಿಕ ಪರಂಪರೆಯಲ್ಲಿ ನುಡಿಯನ್ನೇ ಜೀವನೋಪಾಯವಾಗಿಸಿಕೊಂಡ ವೃತ್ತಿಗಾಯಕರ ಸಮುದಾಯಗಳಿವೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬರುವ ಹೆಳವರು ತಮಗೆ ಸೇರಿದ ಮನೆತನಗಳ ವಂಶಾವಳಿಯನ್ನು ಹೇಳಿ, ದವಸ, ಬಟ್ಟೆ, ಕೆಲವೊಮ್ಮೆ ದನಕರುಗಳನ್ನೂ ಪಡೆಯುತ್ತಿದ್ದರು. ಕಿನ್ನರಿ ಜೋಗಿಗಳು ಮನೆಮನೆಯ ಮುಂದೆ ಮಹಾಭಾರತದ ಕಥೆಗಳನ್ನು ಹಾಡುತ್ತಿದ್ದರು. ಹೆಳವರ ವೃತ್ತಿಯನ್ನು ಹಿಡಿದು ನಿಲ್ಲಿಸಿದ್ದು ಮೂರು ಅಂಶಗಳು: ಗೊತ್ತಾದ ಸಂಚಾರದ ದಾರಿ, ಗೊತ್ತಾದ ಮನೆಗಳು, ಮತ್ತೆ ಬರುತ್ತಾರೆಂಬ ನಂಬಿಕೆ. ಕೊಡುವವರಿಗೂ ಪಡೆಯುವವರಿಗೂ ನಡುವೆ ಮೂರನೆಯವರು ಇರಲಿಲ್ಲ. ಮುದ್ರಣವು ಈ ಸಂಬಂಧವನ್ನು ಕಡಿದು, ಲೇಖಕ ಮತ್ತು ಓದುಗರ ನಡುವೆ ಮುದ್ರಕ, ಪ್ರಕಾಶಕ, ಮಾರಾಟಗಾರರನ್ನು ತಂದು ನಿಲ್ಲಿಸಿತು.

ಕಡಿದುಹೋದ ಈ ದಾರಿಯನ್ನು ಕಾಲ್ನಡಿಗೆಯಿಂದಲೇ ಮತ್ತೆ ಕೂಡಿಸಿದವರು ಗಳಗನಾಥರು. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಮೊದಲು ಶಾಲಾ ಶಿಕ್ಷಕರಾಗಿದ್ದರು. ಉತ್ತರ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡದ ಓದುಗ ಸಿದ್ಧವಾಗಿ ಕಾದಿರಲಿಲ್ಲ. ಅವನನ್ನು ಹುಡುಕಬೇಕಿತ್ತು, ಎಷ್ಟೋ ವೇಳೆ ರೂಪಿಸಬೇಕಿತ್ತು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯು ಚಂದಾದಾರರ ಮೂಲಕ ಅವರಿಗೆ ಗೊತ್ತಾದ ಮನೆಗಳನ್ನು ಒದಗಿಸಿತು. ಪುಸ್ತಕಗಳನ್ನಂತೂ ಅವರು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಸಾಹಿತ್ಯ ಚರಿತ್ರೆಯು ಇದನ್ನು ತ್ಯಾಗದ ಕಥೆಯಾಗಿ ಸ್ಮರಿಸುತ್ತದೆ. ಆದರೆ ಅದು ಕನ್ನಡದ ಮೊದಮೊದಲ ವಿತರಣಾ ವ್ಯವಸ್ಥೆಗಳಲ್ಲೊಂದೂ ಹೌದು. ಹೆಳವರಂತೆ ಗಳಗನಾಥರೂ ಮನೆಬಾಗಿಲಿಗೇ ಹೋದರು. ಯಾವ ಕಥೆಗೆ ಜನ ಮನಸೋಲುತ್ತಾರೆಂಬುದನ್ನು ಅಲ್ಲೇ ಅರಿಯುವ ಅವಕಾಶ ಅವರಿಗಿತ್ತು. ಆದರೆ ಒಬ್ಬನ ಹೆಗಲು ಹೊರುವಷ್ಟೇ ಆ ವ್ಯವಸ್ಥೆಯ ಮಿತಿಯಾಗಿತ್ತು. ದೇಹ ದಣಿದರೆ ಆದಾಯವೂ ನಿಲ್ಲುತ್ತಿತ್ತು. ಅವರು 1942ರಲ್ಲಿ ನಿಧನರಾದರು.

ಚಂದಾದಾರಿಕೆಯ ಈ ತತ್ತ್ವವನ್ನು ವ್ಯಕ್ತಿಯ ಹೆಗಲಿನಿಂದ ಸಂಸ್ಥೆಗೆ ದಾಟಿಸಿದ್ದು 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ. ಮುಂಚಿತವಾಗಿ ಹಣ ಕೊಟ್ಟ ಚಂದಾದಾರರಿಗೆ ವರ್ಷಕ್ಕೆ ಇಂತಿಷ್ಟು ಪುಸ್ತಕಗಳನ್ನು ನೀಡುವ ಈ ಯೋಜನೆಯಲ್ಲಿ ಹಳೆಯ ಒಕ್ಕಲು ಸಂಬಂಧದ ಹೊಸ ರೂಪವನ್ನು ಗುರುತಿಸಬಹುದು.

ಶಿವರಾಮ ಕಾರಂತರದು (1902–1997) ಬೇರೊಂದು ಮಾರ್ಗ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ತೊರೆದ ಅವರು ಪುತ್ತೂರಿನಲ್ಲಿ ನೆಲೆನಿಂತು, ಬರಹದ ಜೊತೆಗೆ ಮುದ್ರಣವನ್ನೂ ಕೈಗೆತ್ತಿಕೊಂಡರು. ಅವರು ಒಂದೇ ಪ್ರಕಾರವನ್ನು ನೆಚ್ಚಿಕೊಳ್ಳಲಿಲ್ಲ. ‘ಚೋಮನ ದುಡಿ’ (1933)ಯಂತಹ ಕಾದಂಬರಿಗಳ ಜೊತೆಗೆ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂತಹ ಬೃಹತ್ ಸಂಪುಟಗಳು, ಅರ್ಥಕೋಶ, ಪಠ್ಯಪುಸ್ತಕ, ಪ್ರವಾಸಕಥನಗಳೂ ಬಂದವು. ಈ ವೈವಿಧ್ಯವನ್ನು ಪ್ರತಿಭೆಯ ಬಹುಮುಖತೆಯೆಂದಷ್ಟೇ ವಿವರಿಸಿದರೆ ಸಾಲದು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಯಲೆಂದು ಹಲವು ಬೆಳೆ ಬಿತ್ತುವ ರೈತನ ವಿವೇಕವನ್ನೂ ಅದರಲ್ಲಿ ಕಾಣಬೇಕು. ಜಾನಪದ ಅಧ್ಯಯನವು ಇಲ್ಲಿ ತನ್ನದೇ ಋಣವೊಂದನ್ನು ನೆನೆಯಬೇಕಾಗುತ್ತದೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ವು ಯಾವ ವಿಶ್ವವಿದ್ಯಾಲಯದ ಪೀಠದಿಂದಲೂ ಹೊರಟ ಗ್ರಂಥವಲ್ಲ, ಸಂಬಳವಿಲ್ಲದ ಸ್ವತಂತ್ರ ಬರಹಗಾರನೊಬ್ಬನ ದುಡಿಮೆಯ ಫಲ.

ಅ.ನ.ಕೃ. (1908–1971) ಅವರ ಕಾಲಕ್ಕೆ ಓದುಗವರ್ಗ ವಿಸ್ತಾರವಾಗಿತ್ತು. 1934ರ ‘ಜೀವನ ಯಾತ್ರೆ’ಯಿಂದ ಮೊದಲ್ಗೊಂಡು ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು, 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಗಳಗನಾಥರು ತಾವೇ ಮಾರಿದರು, ಕಾರಂತರು ತಾವೇ ಅಚ್ಚುಹಾಕಿಸಿದರು, ಅ.ನ.ಕೃ. ಮತ್ತು ಅವರ ತಲೆಮಾರಿನ ಜನಪ್ರಿಯ ಕಾದಂಬರಿಕಾರರು ಬಹುಮಟ್ಟಿಗೆ ಪ್ರಕಾಶಕರನ್ನು ಅವಲಂಬಿಸಿದರು. ಹಸ್ತಪ್ರತಿಗೆ ಒಂದೇ ಸಲ ಹಣ ಪಡೆದು ಹಕ್ಕನ್ನು ಬಿಟ್ಟುಕೊಡುವ ಪದ್ಧತಿಯಲ್ಲಿ ಹಳೆಯ ಪುಸ್ತಕ ಎಷ್ಟು ಮುದ್ರಣ ಕಂಡರೂ ಲೇಖಕನಿಗೆ ಫಲವಿಲ್ಲ. ಮುಂದಿನ ತಿಂಗಳ ಖರ್ಚಿಗೆ ಮುಂದಿನ ಕಾದಂಬರಿಯೇ ಆಗಬೇಕು. ವೃತ್ತಿ ಬರಹಗಾರರು ಅತಿಯಾಗಿ ಬರೆದರೆಂದು ಆಕ್ಷೇಪಿಸುವ ವಿಮರ್ಶೆಯು ಈ ಲೆಕ್ಕಾಚಾರವನ್ನು ಗಮನಕ್ಕೆ ತಂದುಕೊಂಡದ್ದು ಕಡಿಮೆ. ಬರಹದ ವೇಗಕ್ಕೆ ಕರಾರಿನ ಸ್ವರೂಪವೂ ಕಾರಣ.

ಕಾನೂನು ಈ ಸ್ಥಿತಿಯನ್ನು ನಿಧಾನವಾಗಿ ತಿದ್ದಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. 1994ರ ತಿದ್ದುಪಡಿಯು, ವರ್ಗಾವಣೆಯ ಅವಧಿಯನ್ನು ಕರಾರಿನಲ್ಲಿ ಹೇಳದಿದ್ದರೆ ಅದನ್ನು ಐದು ವರ್ಷವೆಂದು ಭಾವಿಸತಕ್ಕದ್ದೆಂದು ವಿಧಿಸಿತು. ಲೇಖಕನ ಮರಣಾನಂತರದ ಹಕ್ಕಿನ ಅವಧಿ ಈಗ ಅರವತ್ತು ವರ್ಷ. ಅದರಂತೆ ಅ.ನ.ಕೃ. ಕೃತಿಗಳ ಸ್ವಾಮ್ಯ 2031ರ ಕೊನೆಯವರೆಗೂ ಜೀವಂತ. ಇನ್ನೊಂದೆಡೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ತರುವಾಯ ಬೆಳೆದ ಸಗಟು ಖರೀದಿಯು ಪುಸ್ತಕೋದ್ಯಮಕ್ಕೆ ಆಸರೆಯಾಯಿತು. ಆದರೆ ಆ ಹಣ ಮೊದಲು ತಲುಪುವುದು ಪ್ರಕಾಶಕರನ್ನು; ಲೇಖಕನ ಪಾಲು ಮತ್ತೆ ಕರಾರನ್ನೇ ಅವಲಂಬಿಸಿದೆ.

ಹೀಗೆ ಈ ಮೂರೂ ಜೀವನಗಳು ಒಂದೇ ಸಮಸ್ಯೆಗೆ ನೀಡಿದ ಮೂರು ಉತ್ತರಗಳು: ಒಬ್ಬರು ದಾರಿಯನ್ನು ನಡೆದರು, ಒಬ್ಬರು ಅಚ್ಚಿನ ಯಂತ್ರವನ್ನು ಕೈಯಲ್ಲಿಟ್ಟುಕೊಂಡರು, ಒಬ್ಬರು ವೇಗವನ್ನು ನೆಚ್ಚಿದರು. ಮೂವರನ್ನೂ ಓದುಗರು ಕೈಬಿಡಲಿಲ್ಲ. ಆದರೆ ಓದುಗರ ಪ್ರೀತಿ ಲೇಖಕನ ಮನೆಯನ್ನು ತಲುಪಿದ ಪ್ರಮಾಣ ಮಾತ್ರ ಒಂದೇ ಆಗಿರಲಿಲ್ಲ. ಹೆಳವನಿಗೆ ದವಸ ಅಳೆದು ಕೊಟ್ಟ ಕೈ ಯಾವುದೆಂಬುದು ಅವನಿಗೆ ಗೊತ್ತಿತ್ತು. ಲೇಖಕರ ಕರಾರುಪತ್ರ, ಚಂದಾದಾರರ ಪಟ್ಟಿ, ಲೆಕ್ಕದ ಪುಸ್ತಕಗಳನ್ನು ಹಸ್ತಪ್ರತಿಗಳಷ್ಟೇ ಮುತುವರ್ಜಿಯಿಂದ ಸಂಗ್ರಹಿಸಿದಾಗ, ಕನ್ನಡದ ಪುಸ್ತಕಕ್ಕೆ ಬೆಲೆ ಕೊಟ್ಟ ಕೈಗಳ ಚರಿತ್ರೆಯನ್ನೂ ಬರೆಯುವುದು ಸಾಧ್ಯವಾದೀತು.